ಕೈ ಕಲಿಯಬೇಕಾದ ಪಾಠ

ಪ್ರಥಮ ಚಿಕಿತ್ಸೆಯನ್ನು ಸಾಮಾನ್ಯ ಜನರಿಗೂ ಕಲಿಸಬೇಕೆಂದು ಮೊದಲು ಹಟ ಹಿಡಿದವರು ಮೇಷ್ಟರಲ್ಲ, ಸೈನ್ಯದ ಶಸ್ತ್ರವೈದ್ಯರು. ಜರ್ಮನಿಯ ಕೀಲ್ ಪಟ್ಟಣದ ಫ್ರೀಡ್ರಿಕ್ ಫಾನ್ ಎಸ್ಮಾರ್ಕ್ ಹತ್ತೊಂಬತ್ತನೇ ಶತಮಾನದ ಯುದ್ಧಗಳಲ್ಲಿ ಗಾಯಾಳುಗಳ ನಡುವೆ ಪಳಗಿದವನು. ಡಾಕ್ಟರು ತಲುಪುವುದರೊಳಗೆ ಎಷ್ಟು ಜೀವ ಹೋಗುತ್ತದೆಂಬುದನ್ನು ಅವನು ಕಣ್ಣಾರೆ ಕಂಡಿದ್ದ. 1882ರ ಹೊತ್ತಿಗೆ ಊರವರಿಗಾಗಿಯೇ ‘ಸಮರಿಟನ್’ ತರಗತಿಗಳನ್ನು ಕಟ್ಟಿದ. ಸ್ಕೌಟ್ ಮಕ್ಕಳ ಕಿಟ್‌ನಲ್ಲಿ ಇಂದಿಗೂ ಇರುವ ತ್ರಿಕೋನ ಬ್ಯಾಂಡೇಜು ಜನಪ್ರಿಯವಾದದ್ದು ಅವನಿಂದ. ತಲೆಗೆ ಹೇಗೆ ಸುತ್ತಬೇಕು, ಮುರಿದ ತೋಳನ್ನು ಹೇಗೆ ಜೋಲಿಯಲ್ಲಿ ಇಳಿಬಿಡಬೇಕು ಎಂಬ ಚಿತ್ರಗಳನ್ನು ಅವನು ಆ ಬಟ್ಟೆಯ ಮೇಲೇ ಅಚ್ಚು ಹಾಕಿಸಿದ್ದ. ಓದು ಬಾರದ ಸಿಪಾಯಿಯೂ ನೋಡಿಕೊಂಡು ಕಟ್ಟಬಹುದಿತ್ತು. ಈ ಕ್ಷೇತ್ರದ ಮೊದಲ ಪಠ್ಯಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಬಟ್ಟೆಯ ತುಂಡನ್ನೇ ತೋರಿಸುತ್ತೇನೆ.

ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆ್ಯಂಬುಲೆನ್ಸ್ ಸಂಘ ಹುಟ್ಟಿದ್ದು 1877ರಲ್ಲಿ. ಮರುವರ್ಷ ವೂಲಿಚ್‌ನಲ್ಲಿ ಪೀಟರ್ ಶೆಫರ್ಡ್ ಎಂಬ ಸೈನ್ಯದ ಸರ್ಜನ್ ಸಾರ್ವಜನಿಕರಿಗೆ ಪಾಠ ಶುರು ಮಾಡಿದ, ಅದಕ್ಕೊಂದು ಕೈಪಿಡಿ ಬರೆದ. 1879ರ ಜನವರಿಯಲ್ಲಿ ಜುಲು ಯುದ್ಧದ ಇಸಾಂಡ್ಲ್ವಾನಾ ಕಾಳಗದಲ್ಲಿ ಸತ್ತೂ ಹೋದ. ಕೈಪಿಡಿ ಮಾತ್ರ ಉಳಿದುಕೊಂಡಿತು. ಅದನ್ನು ಹಿಡಿದು ಕಲಿತವರು ಪೊಲೀಸರು, ರೈಲ್ವೆ ನೌಕರರು, ಕಲ್ಲಿದ್ದಲು ಗಣಿಯ ಆಳುಗಳು. ಅಂದರೆ ದಿನಾ ಅಪಾಯದ ನಡುವೆ ದುಡಿಯುವವರು. ಮಕ್ಕಳು ಈ ಚಿತ್ರದಲ್ಲಿ ಇನ್ನೂ ಇರಲಿಲ್ಲ.

ಮಕ್ಕಳನ್ನು ಒಳಗೆ ತಂದದ್ದು ಸ್ಕೌಟ್ ಚಳವಳಿ. ಅದರ ಸ್ಥಾಪಕ ಬೇಡನ್ ಪೊವೆಲ್‌ನ ಪುಸ್ತಕ 1908ರಲ್ಲಿ ಬಂತು. ಮರುವರ್ಷವೇ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳವನ್ನು ಕ್ಯಾಪ್ಟನ್ ಟಿ. ಎಚ್. ಬೇಕರ್ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಅದು ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ ತೆರೆದಿತ್ತು. ಭಾರತೀಯ ಮಕ್ಕಳಿಗಾಗಿ ಆ್ಯನಿ ಬೆಸೆಂಟ್ ಮದರಾಸಿನಲ್ಲಿ ಬೇರೆಯದೇ ಸಂಘ ಕಟ್ಟಬೇಕಾಯಿತು, 1917ರಲ್ಲಿ. ಸ್ವಾತಂತ್ರ್ಯಾನಂತರ, 1950ರಲ್ಲಿ, ಎಲ್ಲವೂ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಒಂದೇ ಸೂರಿನಡಿ ಬಂದವು. ಈ ನಡುವೆ 1920ರ ಕಾಯ್ದೆಯಿಂದ ಭಾರತೀಯ ರೆಡ್ ಕ್ರಾಸ್ ಹುಟ್ಟಿ, ಅದರ ಕಿರಿಯರ ಘಟಕ ಶಾಲೆಗಳಿಗೆ ಹೋಯಿತು. 1923ರಲ್ಲಿ ನಾ. ಸು. ಹರ್ಡೀಕರರು ಆರಂಭಿಸಿದ, ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡ ಸೇವಾದಳ ಸ್ವಯಂಸೇವಕರ ಶಿಸ್ತನ್ನು ಕಲಿಸಿತು. 1948ರಲ್ಲಿ ಎನ್‌ಸಿಸಿ ಬಂತು.

ಸ್ಕೌಟ್ ಪದ್ಧತಿಯಲ್ಲಿ ಒಂದು ದೊಡ್ಡ ಗುಣವಿತ್ತು. ಬ್ಯಾಡ್ಜ್ ಬೇಕೆಂದರೆ ಮಾಡಿ ತೋರಿಸಬೇಕು. ಗಂಟು ಹಾಕಬೇಕು, ಗೆಳೆಯನ ಕಾಲಿಗೆ ದಬ್ಬೆ ಕಟ್ಟಬೇಕು, ಎರಡು ಬಿದಿರು ಗಳ, ಎರಡು ಅಂಗಿ ಸೇರಿಸಿ ಡೋಲಿ ಮಾಡಿ ಅವನನ್ನು ಹೊತ್ತುಕೊಂಡು ಮೈದಾನ ದಾಟಬೇಕು. ಬರೆದು ಪಾಸಾಗುವ ಮಾತೇ ಇಲ್ಲ. ದೋಷವೂ ಅಷ್ಟೇ ದೊಡ್ಡದು: ಸೇರಿದವರಿಗೆ ಮಾತ್ರ ಕಲಿಕೆ. ಐನೂರು ಮಕ್ಕಳ ಶಾಲೆಯಲ್ಲಿ ಮೂವತ್ತೆರಡು ಮಂದಿ ಸ್ಕೌಟುಗಳಿದ್ದರೆ ಉಳಿದವರು ಗಣರಾಜ್ಯೋತ್ಸವದ ದಿನ ಅವರ ಪ್ರದರ್ಶನ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಪ್ರಥಮ ಚಿಕಿತ್ಸೆ ಎಂದರೆ ಸಮವಸ್ತ್ರ ತೊಟ್ಟವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದು ಹೀಗೆ. ಎಲ್ಲರಿಗೂ ಕಲಿಸುತ್ತೇವೆಂದು ಅದನ್ನು ಪಠ್ಯಪುಸ್ತಕಕ್ಕೆ ಸೇರಿಸಿದಾಗ ಇನ್ನೊಂದು ತಮಾಷೆ ಆಯಿತು. ಪಾಠ ಎಲ್ಲರಿಗೂ ಸಿಕ್ಕಿತು, ಅಭ್ಯಾಸ ಯಾರಿಗೂ ಸಿಗಲಿಲ್ಲ. ‘ಮೂಳೆ ಮುರಿತದ ವಿಧಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ನಾಲ್ಕು ಅಂಕ ತೆಗೆದ ಹುಡುಗನಿಗೆ ದಬ್ಬೆ ಕಟ್ಟಲು ಬರುತ್ತಿರಲಿಲ್ಲ.

ಏನನ್ನು ಕಲಿಸಬೇಕು ಎಂಬುದೂ ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂತು. ನೀರಿನಲ್ಲಿ ಮುಳುಗಿದವನಿಗೆ ಉಸಿರು ಕೊಡುವುದನ್ನೇ ನೋಡಿ. 1850ರ ದಶಕದಲ್ಲಿ ಮಾರ್ಷಲ್ ಹಾಲ್ ಒಂದು ವಿಧಾನ ಹೇಳಿದ, ಸಿಲ್ವೆಸ್ಟರ್ ಇನ್ನೊಂದು. 1903ರಲ್ಲಿ ಶೇಫರ್‌ನದು ಬಂತು. 1932ರಲ್ಲಿ ಡೆನ್ಮಾರ್ಕಿನ ಸೇನಾಧಿಕಾರಿ ಹೋಲ್ಗರ್ ನೀಲ್ಸನ್ ಹೇಳಿದ ವಿಧಾನದಲ್ಲಿ ಮುಳುಗಿದವನನ್ನು ಬೋರಲು ಮಲಗಿಸಿ, ಬೆನ್ನು ಒತ್ತಿ, ಮೊಣಕೈ ಹಿಡಿದು ಮೇಲೆತ್ತಬೇಕು. ಐವತ್ತು, ಅರವತ್ತರ ದಶಕದಲ್ಲಿ ಸ್ಕೌಟಿನಲ್ಲಿದ್ದ ಹಿರಿಯರನ್ನು ಕೇಳಿ, ಒತ್ತು, ಬಿಡು, ಎತ್ತು, ಇಳಿಸು ಎಂದು ಈಗಲೂ ತಾಳ ಹಾಕಿ ತೋರಿಸುತ್ತಾರೆ. ಕೈಗೆ ಒಮ್ಮೆ ಹತ್ತಿದ್ದು ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ತಪ್ಪು ಹತ್ತಿದರೂ ಅಷ್ಟೇ ಕಾಲ ಉಳಿಯುತ್ತದೆ.

ನಿಜವಾದ ತಿರುವು ಬಂದದ್ದು 1950ರ ದಶಕದ ಕೊನೆಯಲ್ಲಿ. ಅಮೆರಿಕದಲ್ಲಿ ಜೇಮ್ಸ್ ಎಲಾಮ್ ಮತ್ತು ಪೀಟರ್ ಸಫಾರ್ ಎಂಬ ಅರಿವಳಿಕೆ ತಜ್ಞರು, ಬೆನ್ನು ಒತ್ತುವ ಹಳೆಯ ವಿಧಾನಗಳಿಂದ ಶ್ವಾಸಕೋಶಕ್ಕೆ ಸಾಕಷ್ಟು ಗಾಳಿ ಹೋಗುವುದಿಲ್ಲ, ಬಾಯಿಗೆ ಬಾಯಿಟ್ಟು ಊದಿದರೆ ಹೋಗುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. 1960ರ ಜುಲೈನಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಕೌವೆನ್‌ಹೋವನ್, ಜೂಡ್, ನಿಕ್ಕರ್‌ಬಾಕರ್ ಎಂಬ ಮೂವರು, ಎದೆಯನ್ನು ಹೊರಗಿನಿಂದ ಒತ್ತಿಯೇ ನಿಂತ ಹೃದಯದಿಂದ ರಕ್ತ ಹರಿಸಬಹುದೆಂಬ ಲೇಖನ ಪ್ರಕಟಿಸಿದರು. ಮೂವರಲ್ಲಿ ಕೌವೆನ್‌ಹೋವನ್ ಡಾಕ್ಟರೇ ಅಲ್ಲ, ವಿದ್ಯುತ್ ಎಂಜಿನಿಯರ್. ಅಲ್ಲಿಯವರೆಗೆ ನಿಂತ ಹೃದಯವನ್ನು ಮತ್ತೆ ನಡೆಸಬೇಕೆಂದರೆ ಎದೆ ಸೀಳಬೇಕಿತ್ತು. ಈಗ ಬೀದಿಯಲ್ಲಿ ಹೋಗುವ ಯಾರಾದರೂ ಮಾಡಬಹುದಾದ ಕೆಲಸವಾಯಿತು. ಯಾರಾದರೂ ಮಾಡಬಹುದಾದರೆ ಎಲ್ಲರಿಗೂ ಕಲಿಸಬೇಕು. ಎಲ್ಲರೂ ಒಂದೇ ಕಡೆ ಸಿಗುವ ಜಾಗ ಶಾಲೆ ಬಿಟ್ಟರೆ ಬೇರೆ ಯಾವುದಿದೆ?

ಇಲ್ಲಿ ಪ್ರವೇಶವಾಗುವುದು ಒಬ್ಬ ಆಟಿಕೆ ವ್ಯಾಪಾರಿ. ನಾರ್ವೆಯ ಸ್ಟಾವಂಗರ್ ಊರಿನ ಆಸ್ಮುಂಡ್ ಲೇರ್ಡಾಲ್ ಮೆತ್ತನೆ ಪ್ಲಾಸ್ಟಿಕ್‌ನಿಂದ ಗೊಂಬೆ, ಆಟದ ಕಾರು ಮಾಡುತ್ತಿದ್ದವನು. ನೀರಿಗೆ ಬಿದ್ದ ತನ್ನ ಪುಟ್ಟ ಮಗನನ್ನು ಒಮ್ಮೆ ತಾನೇ ಎತ್ತಿ ಬದುಕಿಸಿಕೊಂಡಿದ್ದ. ಅರಿವಳಿಕೆ ತಜ್ಞ ಬ್ಯೋರ್ನ್ ಲಿಂಡ್ ಬಂದು, ಬಾಯಿಗೆ ಬಾಯಿಟ್ಟು ಊದುವುದನ್ನು ಕಲಿಸಲು ಆಳೆತ್ತರದ ಗೊಂಬೆ ಬೇಕು ಎಂದಾಗ ಅವನು ಒಪ್ಪಿಕೊಂಡ. ಗೊಂಬೆಯ ಮುಖಕ್ಕೆ ಮಾದರಿಯಾದದ್ದು ಪ್ಯಾರಿಸಿನ ಸೇನ್ ನದಿಯಲ್ಲಿ ಸಿಕ್ಕಳೆಂದು ಹೇಳಲಾಗುವ ಅನಾಮಿಕ ಹುಡುಗಿಯೊಬ್ಬಳ ಮುಖದ ಅಚ್ಚು. 1960ರಲ್ಲಿ ತಯಾರಾದ ಆ ಗೊಂಬೆಯ ಹೆಸರು ರಿಸಸಿ ಆ್ಯನ್. ನಾರ್ವೆಯ ಬ್ಯಾಂಕುಗಳು ದುಡ್ಡು ಕೊಟ್ಟು ನೂರಾರು ಗೊಂಬೆಗಳನ್ನು ಶಾಲೆಗಳಿಗೆ ಹಂಚಿದವು. 1961ರ ಹೊತ್ತಿಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸಿದ ಅನುಭವವನ್ನು ಲಿಂಡ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಈ ಕ್ಷೇತ್ರದಲ್ಲಿ ಶಾಲೆ ಎಂಬುದು ನಂತರ ಹೊಳೆದ ಉಪಾಯವಲ್ಲ. ಗೊಂಬೆ ಹುಟ್ಟುತ್ತಲೇ ಶಾಲೆಗೆ ಹೋಗಿತ್ತು.

ಆಮೇಲಿನ ನಲವತ್ತು ವರ್ಷ ಹೇಳಿಕೊಳ್ಳುವಂಥದ್ದು ಕಡಿಮೆ. ಅಲ್ಲಲ್ಲಿ ಉತ್ಸಾಹಿಗಳು ಕಲಿಸಿದರು, ಅವರು ನಿವೃತ್ತರಾದಾಗ ನಿಂತಿತು. 2005ರಲ್ಲಿ ಡೆನ್ಮಾರ್ಕ್ ಶಾಲೆಗಳಲ್ಲಿ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಊದುವ ಈ ವಿದ್ಯೆಯನ್ನು, ಕಡ್ಡಾಯ ಮಾಡಿತು. ಮರುವರ್ಷ ಡ್ರೈವಿಂಗ್ ಲೈಸೆನ್ಸಿಗೂ ಅದನ್ನು ಜೋಡಿಸಿತು. 2013ರಲ್ಲಿ ಪ್ರಕಟವಾದ ಅಧ್ಯಯನದ ಅಂಕಿಗಳನ್ನು ಈ ಕ್ಷೇತ್ರದವರು ಇಂದಿಗೂ ಮಂತ್ರದಂತೆ ಹೇಳುತ್ತಾರೆ. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ, ಪಕ್ಕದಲ್ಲಿದ್ದವರಿಂದ ಸಿಪಿಆರ್ ಪಡೆದವರು 2001ರಲ್ಲಿ ಶೇ. 21ರಷ್ಟಿದ್ದರೆ 2010ರಲ್ಲಿ ಶೇ. 45ರಷ್ಟಾದರು. ಮೂವತ್ತು ದಿನ ದಾಟಿ ಬದುಕಿದವರ ಪ್ರಮಾಣ ಶೇ. 3.5ರಿಂದ 10.8ಕ್ಕೆ ಏರಿತು. ಇದರ ಶ್ರೇಯವೆಲ್ಲ ಶಾಲೆಗೆ ಸಲ್ಲುವುದಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಬಂದದ್ದು, ಆಸ್ಪತ್ರೆಗಳ ಆರೈಕೆ ಸುಧಾರಿಸಿದ್ದು ಎಲ್ಲವೂ ಸೇರಿದೆ.

ಅದೇ ಡೆನ್ಮಾರ್ಕಿನಿಂದ 2017ರಲ್ಲಿ ಇನ್ನೊಂದು ಅಧ್ಯಯನ ಬಂತು. ಅದರ ಬಗ್ಗೆ ಸಭೆಗಳಲ್ಲಿ ಅಷ್ಟಾಗಿ ಮಾತು ಕೇಳಿಬರುವುದಿಲ್ಲ. ಕಾನೂನು ಬಂದು ಎಂಟು ವರ್ಷಗಳಾದ ಮೇಲೆ ಶಾಲೆಗಳನ್ನು ಕೇಳಿ ನೋಡಿದರೆ, ಉತ್ತರಿಸಿದ ಶಾಲೆಗಳಲ್ಲಿ ಆ ಸಾಲಿನ ಒಂಬತ್ತನೇ ತರಗತಿ ಮಕ್ಕಳಿಗೆ ಸಿಪಿಆರ್ ತರಬೇತಿ ಮುಗಿಸಿದ್ದವು ಶೇ. 28 ಮಾತ್ರ! ಶ್ರೀಮಂತ, ಚಿಕ್ಕ, ಶಿಸ್ತಿನ ದೇಶದ ಕತೆಯೇ ಹೀಗಾದರೆ ಸುತ್ತೋಲೆಯನ್ನೇ ನಂಬಿಕೊಂಡ ನಾವು ಇದನ್ನು ನಾಲ್ಕು ಸಲ ಓದಿಕೊಳ್ಳಬೇಕು.

ಯಾವ ವಯಸ್ಸಿಗೆ ಕಲಿಸಬೇಕೆಂಬ ಚರ್ಚೆಗೆ ಉತ್ತರ ಕೊಟ್ಟದ್ದು ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಒಂದು ಸರಳ ಪರೀಕ್ಷೆ. ಒಂಬತ್ತರಿಂದ ಹದಿನಾಲ್ಕು ವರ್ಷದ 157 ಮಕ್ಕಳಿಂದ ಗೊಂಬೆಯ ಎದೆ ಒತ್ತಿಸಿದರು. ಒಂಬತ್ತು ಹತ್ತು ವರ್ಷದ ಮಕ್ಕಳಲ್ಲಿ ಒಬ್ಬರೂ ಬೇಕಾದ ಆಳಕ್ಕೆ ಒತ್ತಲಾಗಲಿಲ್ಲ. ಹದಿಮೂರು ಹದಿನಾಲ್ಕರ ಮಕ್ಕಳಲ್ಲಿ ಶೇ. 45ರಷ್ಟು ಮಂದಿ ಒತ್ತಿದರು. ಅದು ದೊಡ್ಡವರ ಸಾಮರ್ಥ್ಯಕ್ಕೆ ಸಮ. ಆದರೆ ಎಲ್ಲಿ ಕೈ ಇಡಬೇಕು, ಎಷ್ಟು ವೇಗವಾಗಿ ಒತ್ತಬೇಕು, ಯಾರನ್ನು ಕರೆಯಬೇಕು ಎಂಬುದು ಚಿಕ್ಕವರಿಗೂ ಅಂಟುತ್ತದೆ. ಮೂರನೇ ತರಗತಿಯ ಮಗು ಫೋನ್ ತೆಗೆದು ಸರಿಯಾದ ನಂಬರ್ ಒತ್ತಿ ವಿಳಾಸ ಹೇಳಿದರೆ ಅದೇನು ಕಡಿಮೆ ಕೆಲಸವೇ? 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅನುಮೋದನೆ ಪಡೆದ ‘ಕಿಡ್ಸ್ ಸೇವ್ ಲೈವ್ಸ್’ ಹೇಳಿಕೆ ಇದನ್ನೆಲ್ಲ ಜೋಡಿಸಿ, ಹನ್ನೆರಡನೇ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಸಾಕು ಎಂದಿತು. ಇಂಗ್ಲೆಂಡ್ 2020ರ ಸೆಪ್ಟೆಂಬರಿನಿಂದ ಸರ್ಕಾರಿ ಶಾಲೆಗಳ ಆರೋಗ್ಯ ಪಾಠದಲ್ಲಿ ಪ್ರಥಮ ಚಿಕಿತ್ಸೆಯನ್ನು ಕಡ್ಡಾಯ ಮಾಡಿತು. ಯಾರು ಕಲಿಸಬೇಕು ಎಂಬುದಕ್ಕೂ ಜರ್ಮನಿಯ ಮ್ಯುನ್‌ಸ್ಟರ್‌ನಲ್ಲಿ ನಾಲ್ಕು ವರ್ಷ ಮಕ್ಕಳ ಬೆನ್ನು ಹತ್ತಿ ನೋಡಿದವರು ಉತ್ತರ ಕಂಡುಕೊಂಡಿದ್ದಾರೆ. ತರಬೇತಿ ಪಡೆದ ಮೇಷ್ಟ್ರು ಕಲಿಸಿದರೂ ತುರ್ತು ವೈದ್ಯರು ಕಲಿಸಿದರೂ ಮಕ್ಕಳ ಕೈಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಇಡೀ ಕ್ಷೇತ್ರದಲ್ಲಿ ನಮಗೆ ಅತ್ಯಂತ ಉಪಯುಕ್ತವಾದ ಸಂಶೋಧನೆ ಇದೇ ಎಂದು ನನ್ನ ಅಭಿಪ್ರಾಯ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಹೊರರೋಗಿಗಳ ಸಾಲು ಕರಗಿಸಲೇ ಸಮಯ ಸಾಲದು. ಮೇಷ್ಟ್ರು ಮಾತ್ರ ದಿನಾ ಶಾಲೆಗೆ ಬರುತ್ತಾರೆ.

ಇಲ್ಲಿಯವರೆಗೆ ಹೇಳಿದ್ದು ಒಬ್ಬರ ಜೀವ ಉಳಿಸುವ ವಿದ್ಯೆ. ಊರಿಗೆ ಊರೇ ಅಪಾಯದಲ್ಲಿದ್ದಾಗ ಏನು ಮಾಡಬೇಕೆಂಬುದು ಇದರ ಅವಳಿ. ಅದು ಬೆಳೆದ ದಾರಿ ಮಾತ್ರ ಬೇರೆ, ನಮ್ಮ ದೇಶದಲ್ಲಂತೂ ಸಾವುಗಳನ್ನು ಮೆಟ್ಟಿಕೊಂಡು ಬಂದ ದಾರಿ. 1995ರ ಡಿಸೆಂಬರಿನಲ್ಲಿ ಹರಿಯಾಣದ ಡಬವಾಲಿಯಲ್ಲಿ ಶಾಲಾ ಸಮಾರಂಭದ ಶಾಮಿಯಾನಕ್ಕೆ ಬೆಂಕಿ ಬಿದ್ದು ನಾಲ್ಕು ನೂರಕ್ಕೂ ಹೆಚ್ಚು ಮಂದಿ ಸತ್ತರು, ಅರ್ಧಕ್ಕಿಂತ ಹೆಚ್ಚು ಮಕ್ಕಳು. 2001ರ ಗಣರಾಜ್ಯೋತ್ಸವದಂದು ಗುಜರಾತಿನ ಅಂಜಾರ್‌ನಲ್ಲಿ ಧ್ವಜ ಹಿಡಿದು ಇಕ್ಕಟ್ಟಿನ ಬೀದಿಯಲ್ಲಿ ಸಾಗುತ್ತಿದ್ದ ನೂರಕ್ಕೂ ಹೆಚ್ಚು ಶಾಲಾ ಮಕ್ಕಳ ಮೇಲೆ ಭೂಕಂಪದಲ್ಲಿ ಎರಡೂ ಬದಿಯ ಕಟ್ಟಡಗಳು ಕುಸಿದವು. ಆಮೇಲೆ, 2003ರಲ್ಲಿ, ಸಿಬಿಎಸ್‌ಇ ಎಂಟನೇ ತರಗತಿಗೆ ವಿಪತ್ತು ನಿರ್ವಹಣೆಯನ್ನು ಪಾಠವಾಗಿ ತಂದು, ಮುಂದಿನ ಎರಡು ವರ್ಷಗಳಲ್ಲಿ ಒಂಬತ್ತು, ಹತ್ತಕ್ಕೂ ವಿಸ್ತರಿಸಿತು. ಪಾಠ ಮುದ್ರಣವಾಗುತ್ತಿದ್ದ ಕಾಲದಲ್ಲೇ, 2004ರ ಜುಲೈ 16ರಂದು, ಕುಂಭಕೋಣದ ಶಾಲೆಯ ಬೆಂಕಿಯಲ್ಲಿ 94 ಮಕ್ಕಳು ಸುಟ್ಟುಹೋದರು. ಅಡುಗೆ ಕೋಣೆಯ ಕಿಡಿ, ಗರಿಯ ಮಾಡು, ಇಕ್ಕಟ್ಟಾದ ಮೆಟ್ಟಿಲು. ಆ ದುರಂತದ ಮೇಲೆ ಹೂಡಿದ ಅವಿನಾಶ್ ಮೆಹ್ರೋತ್ರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಸುರಕ್ಷಿತ ಶಾಲೆ ಶಿಕ್ಷಣದ ಹಕ್ಕಿನ ಭಾಗವೇ ಎಂದು ಹೇಳಿತು. ಬೆಂಕಿ ನಂದಿಸುವ ಸಾಧನ ಇಡುವುದರ ಜತೆಗೆ ಶಿಕ್ಷಕರಿಗೆ ಅದರ ತರಬೇತಿಯನ್ನೂ ಕೊಡಬೇಕು ಎಂದಿತು. 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಶಾಲಾ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿತು.

ಅಣಕು ತಾಲೀಮಿನ ಬೆಲೆ ಏನು ಎಂಬುದಕ್ಕೆ ಜಪಾನಿನ ಎರಡು ಊರುಗಳ ಕತೆ ಸಾಕು. ಕಾಮೈಶಿ ಎಂಬ ಕರಾವಳಿ ಪಟ್ಟಣದಲ್ಲಿ ತೊಶಿತಾಕಾ ಕತಾದಾ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಮಕ್ಕಳಿಗೆ ಸುನಾಮಿಯ ಪಾಠ ಹೇಳಿದ್ದರು. ಅಪಾಯದ ನಕ್ಷೆಯನ್ನೂ ಕಣ್ಣುಮುಚ್ಚಿ ನಂಬಬೇಡಿ, ಕೈಲಾದಷ್ಟು ಎತ್ತರಕ್ಕೆ ಹೋಗಿ, ಬೇರೆಯವರು ಓಡಲೆಂದು ಕಾಯದೆ ನೀವೇ ಮೊದಲು ಓಡಿ ಎಂಬುದು ಅವರ ಪಾಠ. 2011ರ ಮಾರ್ಚ್ 11ರಂದು ಭೂಮಿ ನಡುಗಿದಾಗ ಪ್ರೌಢಶಾಲೆಯ ಮಕ್ಕಳು ಆದೇಶಕ್ಕೆ ಕಾಯದೆ ಓಡಿದರು. ಅವರನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯ ಪುಟ್ಟವರೂ ಹೊರಬಂದರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಗೊತ್ತುಮಾಡಿದ ಆಶ್ರಯದ ಜಾಗವೂ ಸಾಲದು ಎನಿಸಿ ಇನ್ನೂ ಮೇಲೆ ಹತ್ತಿದರು. ಆ ಊರಿನ ಸುಮಾರು ಮೂರು ಸಾವಿರ ಶಾಲಾ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಉಳಿದರು. ಅದೇ ದಿನ ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳನ್ನು ಸುಮಾರು ಐವತ್ತು ನಿಮಿಷ ಅಂಗಳದಲ್ಲಿ ಕೂರಿಸಿ ಎಲ್ಲಿಗೆ ಹೋಗುವುದೆಂದು ದೊಡ್ಡವರು ಚರ್ಚೆ ಮಾಡಿದರು. ಶಾಲೆಯ ಹಿಂದೆಯೇ ಗುಡ್ಡವಿತ್ತು. 74 ಮಕ್ಕಳು, 10 ಮಂದಿ ಶಿಕ್ಷಕ ಸಿಬ್ಬಂದಿ ನೀರುಪಾಲಾದರು. ಆಡಳಿತದ ಪೂರ್ವಸಿದ್ಧತೆಯ ಲೋಪವೇ ಕಾರಣ ಎಂಬ ತೀರ್ಪು 2019ರಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಅಂತಿಮವಾಯಿತು. ಶಿಕ್ಷಕರ ಮಾತು ಕೇಳುವುದು ಒಳ್ಳೆಯ ಗುಣ ಎಂದು ಕಲಿಸುವ ನಮ್ಮಂಥ ವ್ಯವಸ್ಥೆಗೆ ಈ ಎರಡು ಶಾಲೆಗಳ ಹೋಲಿಕೆ ಸ್ವಲ್ಪ ಕಸಿವಿಸಿ ತರುವಂಥದ್ದೇ.

ಕರ್ನಾಟಕದಲ್ಲಿ ಸಿಪಿಆರ್ ಎಂಬ ಪದ ಮನೆಮಾತಾದದ್ದು 2021ರ ಅಕ್ಟೋಬರ್ 29ರ ನಂತರ. ಅಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ನಿಧನರಾದ ಮೇಲೆ ಊರೂರಲ್ಲಿ ಇಸಿಜಿ ಮಾಡಿಸಿಕೊಳ್ಳುವವರ ಸಾಲು ನಿಂತಿತು. 2023ರಲ್ಲಿ ಅವರ ಹೆಸರಿನಲ್ಲೇ ಹೃದಯಾಘಾತದ ತುರ್ತು ಚಿಕಿತ್ಸೆಯ ‘ಹೃದಯ ಜ್ಯೋತಿ’ ಯೋಜನೆ ಬಂತು. ಕಾಲೇಜುಗಳಲ್ಲಿ, ಕಚೇರಿಗಳಲ್ಲಿ ತರಬೇತಿ ಶಿಬಿರಗಳಾದವು. ಜನಸಾಮಾನ್ಯರಿಗೆ ಕಲಿಸಲು ಭಾರತೀಯ ಅರಿವಳಿಕೆ ತಜ್ಞರು 2017ರಲ್ಲೇ ಸರಳ ವಿಧಾನ ರೂಪಿಸಿದ್ದರು: ಬಾಯಿಗೆ ಊದುವುದು ಬೇಡ, ಎದೆಯ ನಡುವೆ ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಿ, ಆ್ಯಂಬುಲೆನ್ಸ್ ಕರೆಸಿ.

ಶಾಲೆಯಲ್ಲಿ ಈ ತರಬೇತಿ ನಡೆಯುವುದನ್ನು ಹತ್ತಿರ ನಿಂತು ನೋಡಬೇಕು. ಜಮಖಾನೆ ಹಾಸಿದ ಮೇಲೆ ಕೈಕಾಲಿಲ್ಲದ ರಬ್ಬರ್ ಗೊಂಬೆ ಮಲಗಿರುತ್ತದೆ. ಮೊದಲು ಕರೆದವನು ಮುಂದಿನ ಬೆಂಚಿನ ಜಾಣ. ಮೊಣಕೈ ಮಡಚಿಕೊಂಡು, ಹಿಟ್ಟು ನಾದಿದ ಹಾಗೆ ಒತ್ತುತ್ತಾನೆ. ಗೊಂಬೆಯಿಂದ ಸದ್ದೇ ಬರುವುದಿಲ್ಲ. ತೋಳು ನೆಟ್ಟಗೆ ಮಾಡಿ, ಭುಜ ಮುಂದಕ್ಕೆ ತಂದು ಮೈಯ ಭಾರ ಬಿಡು ಎಂದ ಮೇಲೆ ಟಕ್ ಎನ್ನುತ್ತದೆ, ಐದು ಸೆಂಟಿಮೀಟರ್ ಇಳಿಯಿತು ಎಂದರ್ಥ. ಟಕ್ ಟಕ್ ಎಂದು ಒಂದು ನಿಮಿಷ ಮುಗಿಯುವಷ್ಟರಲ್ಲಿ ಹುಡುಗ ಏದುಸಿರು ಬಿಡುತ್ತಾನೆ. ಸಿನಿಮಾದಲ್ಲಿ ನಾಲ್ಕು ಸಲ ಒತ್ತಿದರೆ ನಾಯಕ ಕೆಮ್ಮಿ ಎದ್ದು ಕೂರುತ್ತಾನಲ್ಲ, ಅದು ಸುಳ್ಳೆಂದು ಅವನಿಗೆ ಭುಜದ ನೋವೇ ತಿಳಿಸುತ್ತದೆ. ಹುಡುಗಿಯರ ಸರದಿ ಬಂದಾಗ ನಗು, ಪಿಸುಮಾತು. ಎದೆಯ ಮೇಲೆ ಕೈ ಇಡುವುದು ಹೇಗೆ ಎಂಬ ಸಂಕೋಚವನ್ನು ಬಾಯಿಬಿಟ್ಟು ಮಾತಾಡುವ ತರಬೇತುದಾರರು ಕಡಿಮೆ. ಮಾತಾಡಲೇಬೇಕು. ಅಮೆರಿಕದಂಥ ಕಡೆಯೂ ಸಾರ್ವಜನಿಕ ಸ್ಥಳದಲ್ಲಿ ಕುಸಿದ ಗಂಡಸರಲ್ಲಿ ಶೇ. 45 ಮಂದಿಗೆ, ಹೆಂಗಸರಲ್ಲಿ ಶೇ. 39 ಮಂದಿಗೆ ಮಾತ್ರ ಅಕ್ಕಪಕ್ಕದವರ ಸಿಪಿಆರ್ ಸಿಕ್ಕಿತ್ತೆಂದು ಅಧ್ಯಯನವೊಂದು ಹೇಳಿದೆ.

ಆದರೂ ನನಗೊಂದು ತಕರಾರಿದೆ. ಸಿಪಿಆರ್ ಎಂಬುದೇ ಪ್ರಥಮ ಚಿಕಿತ್ಸೆ ಎಂಬಂತಾಗಿರುವುದು ನಮ್ಮ ಮಕ್ಕಳಿಗೆ ಒಳ್ಳೆಯದಲ್ಲ. ಯುರೋಪಿನ ಪಠ್ಯಕ್ರಮ ಯುರೋಪಿನ ಸಾವುಗಳನ್ನು ನೋಡಿ ಮಾಡಿದ್ದು. ಹಾವೇರಿಯ ಹೊಲದಲ್ಲಿ, ತೀರ್ಥಹಳ್ಳಿಯ ತೋಟದಲ್ಲಿ ಮಗುವಿಗೆ ಎದುರಾಗುವುದು ಕೊಳಕುಮಂಡಲ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಅಂದಾಜಿಸಿತು. ಅವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಹದಿನೈದು ವರ್ಷದೊಳಗಿನವರು. ಇಲ್ಲಿ ಹಳೆಯ ಪಾಠವೇ ಶತ್ರು. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿ, ಬ್ಲೇಡಿನಿಂದ ಗೀರಿ ರಕ್ತ ಹರಿಸಿ ಎಂದು ಒಂದು ಕಾಲದ ಪ್ರಥಮ ಚಿಕಿತ್ಸೆಯೇ ಹೇಳುತ್ತಿತ್ತು. ಕೊಳಕುಮಂಡಲದ ವಿಷ ಅಂಗಾಂಶವನ್ನು ಕೊಳೆಸುವಂಥದ್ದು. ಬಿಗಿದು ಕಟ್ಟಿದರೆ ಆ ಕೈಕಾಲೇ ಹೋಗಬಹುದು. ಈಗ ಹೇಳುವುದಿಷ್ಟು: ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ; ಕಚ್ಚಿದ ಅಂಗ ಅಲುಗಾಡದಂತೆ ದಬ್ಬೆ ಕೊಡಿ; ನಡೆಸಬೇಡಿ, ಹೊತ್ತುಕೊಂಡು ಹೋಗಿ; ನಾಟಿ ಔಷಧಿಗೆ ಸಮಯ ಕಳೆಯದೆ ಪ್ರತಿವಿಷ ಇರುವ ಆಸ್ಪತ್ರೆ ಸೇರಿಸಿ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಅಷ್ಟು ಮಾಡಿದ ಸರ್ಕಾರಕ್ಕೆ ಐದನೇ ತರಗತಿಯ ಪುಸ್ತಕದಲ್ಲಿ ಒಂದು ಪುಟ ಹೆಚ್ಚಿಸುವುದು ಕಷ್ಟವೇನಲ್ಲ.

ನೀರಿನ ಸಾವು ಇನ್ನೊಂದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಮುಳುಗಿ ಸತ್ತವರು 38,000ಕ್ಕೂ ಹೆಚ್ಚು. ಬೇಸಿಗೆ ರಜೆಯ ಪತ್ರಿಕೆಗಳಲ್ಲಿ ಕೆರೆ, ಕಲ್ಲುಕ್ವಾರಿ, ಕೃಷಿ ಹೊಂಡದ ಸುದ್ದಿ ತಪ್ಪುವುದಿಲ್ಲ. ಅದರಲ್ಲೂ ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬ, ಅವನನ್ನು ಹಿಡಿಯಲು ಹೋಗಿ ಮತ್ತೊಬ್ಬ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಈಜು ಬಲ್ಲವನಿಗೂ ಇಳಿಜಾರು ಹತ್ತಲಾಗದು. ಇಲ್ಲಿ ಕಲಿಸಬೇಕಾದ ಮೊದಲ ಪಾಠ ನೀರಿಗೆ ಹಾರದಿರುವುದು: ಹಗ್ಗ, ಸೀರೆ, ಉದ್ದನೆ ಗಳ, ಖಾಲಿ ಕ್ಯಾನು ಎಸೆಯುವುದು, ಕೂಗುವುದು. ಮೇಲೆತ್ತಿದ ಮೇಲೆ ಎದೆ ಒತ್ತುವುದರ ಜತೆಗೆ ಉಸಿರು ಊದುವುದೂ ಬೇಕು, ಏಕೆಂದರೆ ಮುಳುಗಿದವರಿಗೆ ಕೊರತೆಯಾಗಿರುವುದೇ ಆಮ್ಲಜನಕ. ಊದುವುದು ಬೇಡ ಎಂಬ ಸರಳ ಸೂತ್ರ ಇಲ್ಲಿ ಸಾಲದು. ಬಾಂಗ್ಲಾದೇಶದಲ್ಲಿ ಹಳ್ಳಿಯ ಕೆರೆಯಲ್ಲೇ ಬಿದಿರಿನ ಅಟ್ಟ ಕಟ್ಟಿ ಮಕ್ಕಳಿಗೆ ಈಜು, ದಡದಿಂದಲೇ ರಕ್ಷಿಸುವ ಕ್ರಮ ಕಲಿಸುತ್ತ ಬಂದಿದ್ದಾರೆ. ಈ ವಿಷಯದಲ್ಲಿ ನಾವು ನಾರ್ವೆಗಿಂತ ಅಲ್ಲಿಗೆ ಹೋಗಿ ನೋಡಿ ಬರುವುದು ಮೇಲು.

ಸಣ್ಣಪುಟ್ಟವೂ ಇವೆ, ಮನೆಮನೆಯವು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ದೋಸೆ ಹಿಟ್ಟು, ಇಂಕು. ಬೇಕಾದದ್ದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಫಿಟ್ಸ್ ಬಂದವರ ಕೈಗೆ ಕೀಲಿಕೈ ಗೊಂಚಲು. ಬೇಕಾದದ್ದು ಸುತ್ತಲಿನ ವಸ್ತು ಸರಿಸಿ, ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ತುರುಕದೆ ಕಾಯುವುದು. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸುವುದು. ಬೇಕಾದದ್ದು ಮುಂದಕ್ಕೆ ಬಗ್ಗಿ ಮೂಗಿನ ಮೆತ್ತನೆ ಭಾಗ ಹಿಡಿಯುವುದು. ಇದನ್ನು ಶಾಲೆಯಲ್ಲಿ ಕಲಿತ ಮೊಮ್ಮಗಳು ಅಜ್ಜಿಗೆ ಹೇಳುತ್ತಾಳೆ. ಅಜ್ಜಿ ಒಪ್ಪಲಿಕ್ಕಿಲ್ಲ, ಮಾತಾದರೂ ಮನೆಯೊಳಗೆ ಬರುತ್ತದೆ.

ರಸ್ತೆಯ ವಿಷಯಕ್ಕೆ ಬಂದರೆ ಕೌಶಲಕ್ಕಿಂತ ಹೆದರಿಕೆಯೇ ದೊಡ್ಡ ಅಡ್ಡಿಯಾಗಿತ್ತು. 2017ರ ಫೆಬ್ರವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ಸವಾರ ಹುಡುಗನೊಬ್ಬ ಬಸ್ಸಿಗೆ ಸಿಕ್ಕು ರಕ್ತದ ಮಡುವಿನಲ್ಲಿ ನೆರವು ಕೇಳುತ್ತಿದ್ದಾಗ ಸುತ್ತ ನಿಂತವರು ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಿದ್ದರು. ಪೊಲೀಸ್, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎಂಬ ಭಯ ಆ ಗುಂಪಿನಲ್ಲಿ ಕೆಲವರಿಗಾದರೂ ಇದ್ದಿರಬೇಕು. ವಿಚಿತ್ರವೆಂದರೆ ಅದಕ್ಕೆ ಸುಮಾರು ಒಂದು ವರ್ಷ ಮೊದಲೇ, 2016ರ ಮಾರ್ಚ್‌ನಲ್ಲಿ, ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತ್ತು. ಕರ್ನಾಟಕ ಇದಕ್ಕಾಗಿ 2016ರಲ್ಲೇ ತನ್ನದೇ ಮಸೂದೆ ಅಂಗೀಕರಿಸಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಮು ಇದನ್ನು ಇಡೀ ದೇಶಕ್ಕೆ ಅನ್ವಯಿಸಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ಹೆಸರು ಹೇಳದೆಯೂ ಹೊರಟು ಬರಬಹುದು. ಪೌರನೀತಿಯ ಪಾಠದಲ್ಲಿ ಈ ಒಂದು ವಾಕ್ಯಕ್ಕೆ ಜಾಗವಿದ್ದರೆ ಎಷ್ಟೋ ಉಪಯೋಗ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪಠ್ಯಕ್ರಮದಲ್ಲಿ ಇರಬೇಕಾದ ಆರೋಗ್ಯ ಶಿಕ್ಷಣದ ಪಟ್ಟಿಯಲ್ಲಿ ವಿಪತ್ತು ಸ್ಪಂದನೆ, ಪ್ರಥಮ ಚಿಕಿತ್ಸೆ ಎರಡನ್ನೂ ಹೆಸರಿಸಿದೆ. ಅದೇ ವರ್ಷ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡಬೇಕೆಂದಿತು. ಕಾಗದದಲ್ಲಿ ಕೊರತೆಯಿಲ್ಲ. ನಮ್ಮ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದೆ. ಬೀರುವಿನಲ್ಲಿತ್ತು, ಬೀರುವಿಗೆ ಬೀಗ, ಕೀಲಿ ಮುಖ್ಯೋಪಾಧ್ಯಾಯರ ಬಳಿ, ಅವರು ಮೀಟಿಂಗಿಗೆ ಹೋಗಿದ್ದರು. ಸಂಜೆ ತೆರೆದಾಗ ಅದರಲ್ಲಿ ಅವಧಿ ಮುಗಿದ ಟಿಂಕ್ಚರ್ ಶೀಶೆ, ಹಳದಿ ತಿರುಗಿದ ಹತ್ತಿ, ಇನ್ನೂ ಪ್ಯಾಕ್ ಒಡೆಯದ ತ್ರಿಕೋನ ಬ್ಯಾಂಡೇಜು ಇದ್ದವು. ಹೊರಗಿಟ್ಟರೆ ಮಕ್ಕಳು ಬ್ಯಾಂಡ್-ಏಡ್ ಎಲ್ಲ ಖಾಲಿ ಮಾಡುತ್ತವೆ ಸಾರ್, ಆಡಿಟ್‌ನಲ್ಲಿ ಕೇಳುತ್ತಾರೆ ಎಂದರು ದೈಹಿಕ ಶಿಕ್ಷಕರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಖರ್ಚಾಗಬೇಕಾದ ವಸ್ತುವಿಗೂ ದಾಸ್ತಾನು ವಹಿಯಲ್ಲಿ ಲೆಕ್ಕ ಕೊಡಬೇಕಾದ ಕಡೆ ಬೀಗ ಬೀಳುವುದು ಸಹಜ.

ಕಲಿತದ್ದು ಮೂರರಿಂದ ಆರು ತಿಂಗಳಲ್ಲಿ ಮಾಸತೊಡಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಹೊರಗಿನವರು ಬಂದು ಒಂದು ದಿನದ ಶಿಬಿರ ಮಾಡಿ, ಫೋಟೊ ತೆಗೆಸಿಕೊಂಡು ಹೋಗುವ ಪದ್ಧತಿ ಅದಕ್ಕೇ ನಿಲ್ಲುವುದಿಲ್ಲ. ಜೂನ್‌ನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಅದೇ ಶಾಲೆಯ ಮೇಷ್ಟ್ರು ಅದೇ ಮಕ್ಕಳ ಕೈಯಲ್ಲಿ ಮಾಡಿಸಬೇಕು. ಗೊಂಬೆ ಶಾಲೆಗಳ ಕ್ಲಸ್ಟರಿಗೆ ಒಂದಿದ್ದರೂ ಸಾಕು, ಅದು ಬರುವವರೆಗೆ ಗಟ್ಟಿ ದಿಂಬೂ ನಡೆಯುತ್ತದೆ. ಮೇಷ್ಟ್ರಿಗೆ ಯಾರು ಕಲಿಸಬೇಕು ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ನಮ್ಮಲ್ಲಿ ಬಸ್ ಕಂಡಕ್ಟರ್ ಲೈಸೆನ್ಸ್ ಪಡೆಯಲು ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ತರಬೇಕು. ನಲವತ್ತು ಮಕ್ಕಳೊಂದಿಗೆ ದಿನವಿಡೀ ಕಳೆಯುವ ಶಿಕ್ಷಕರ ನೇಮಕಾತಿಯ ದಾಖಲೆಗಳ ಪಟ್ಟಿಯಲ್ಲಿ ಅದು ಇಲ್ಲ. ಡಿ.ಎಡ್., ಬಿ.ಎಡ್. ಓದಿನ ಅವಧಿಯಲ್ಲೇ ಎರಡು ದಿನದ ತರಬೇತಿ ಕೊಟ್ಟು ಆ ಕಾಗದವನ್ನೂ ಪಟ್ಟಿಗೆ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ.